ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಗಂಟೆ: ನೀವೇ ಲೆಕ್ಕ ಹಾಕೋದು ಹೇಗೆ

"ಮಗಳು ಸ್ಯಾನ್ ಫ್ರಾನ್ಸಿಸ್ಕೋ ಹತ್ರ ಸನ್ನಿವೇಲ್‌ನಲ್ಲಿದಾಳೆ, ಬಾಣಂತನಕ್ಕೆ ಹೋಗ್ಬೇಕು, ಬೆಂಗಳೂರಿಂದ ಫ್ಲೈಟ್‌ನಲ್ಲಿ ಎಷ್ಟು ಗಂಟೆ ಕೂತ್ಕೋಬೇಕಾಗತ್ತೆ?" ಈ ಪ್ರಶ್ನೆ ಪದೇ ಪದೇ ಬರ್ತಾನೇ ಇರತ್ತೆ. ಕೇಳಿದವ್ರಿಗೆ ಒಬ್ರು 17 ಗಂಟೆ ಅಂತಾರೆ, ಇನ್ನೊಬ್ರು 22 ಅಂತಾರೆ, ಪಕ್ಕದ ಮನೆಯವರು ಹೋಗಿ ಬಂದವರು "ಅಯ್ಯೋ ಒಂದೂವರೆ ದಿನ ಆಯ್ತು" ಅಂತಾರೆ. ಮೂರೂ ಸರೀನೇ. ಮೊದಲ್ನೇದು ನಡುವೆ ಎಲ್ಲೂ ಇಳಿಯದೆ ಹಾರಿದ್ರೆ ಹಿಡಿಯೋ ಟೈಮು, ಎರಡನೇದು ಒಂದು ಕಡೆ ಇಳಿದು ವಿಮಾನ ಬದಲಾಯಿಸಿದ್ರೆ ಆಗೋದು, ಮೂರನೇದು ನಿಮ್ಮ ಮನೆ ಬಾಗಿಲಿಂದ ಮಗಳ ಮನೆ ಬಾಗಿಲಿಗೆ. ನಿಮಗೆ ನಿಜವಾಗ್ಲೂ ಬೇಕಾಗಿರೋದು ಆ ಮೂರನೇ ಲೆಕ್ಕ, ಆದ್ರೆ ಅದನ್ನ ಯಾವ ಆ್ಯಪೂ ತೋರಿಸಲ್ಲ, ನಾವೇ ಹಾಕ್ಕೋಬೇಕು. ಅದಕ್ಕೇ ಇದನ್ನ ಹಂತ ಹಂತವಾಗಿ ಬರೀತಿದೀನಿ. ಉದಾಹರಣೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋದ್ದು, ಆದ್ರೆ ಇದೇ ವಿಧಾನದಲ್ಲಿ ಟೊರಾಂಟೋ, ಸಿಡ್ನಿ, ಎಲ್ಲಿಗ್ ಬೇಕಾದ್ರೂ ಲೆಕ್ಕ ಹಾಕಬಹುದು.

ಬೇಕಾಗಿರೋ ಸಾಮಾನು: ಒಂದು ಪೇಪರ್, ಪೆನ್, ಮೊಬೈಲು. ಟಿಕೆಟ್ ಆಗ್ಲೇ ಬುಕ್ ಆಗಿದ್ರೆ ಅದರ ಪ್ರಿಂಟು ಅಥವಾ ಪಿಡಿಎಫ್. ಮನೇಲಿ ಮಕ್ಕಳ ಗ್ಲೋಬ್ ಇದ್ರೆ ಅದನ್ನೂ ಈಚೆ ತೆಗೀರಿ, ಕೆಲಸಕ್ಕೆ ಬರತ್ತೆ.

ಹಂತ 1: ಊರಲ್ಲ, ಏರ್‌ಪೋರ್ಟ್ ಯಾವ್ದು ಅಂತ ಬರ್ಕೊಳಿ

ಪ್ರತಿ ಏರ್‌ಪೋರ್ಟಿಗೂ ಮೂರಕ್ಷರದ ಕೋಡ್ ಇರತ್ತೆ. ಬೆಂಗಳೂರಿಂದು ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೋದು ಎಸ್‌ಎಫ್‌ಒ. ಬೇ ಏರಿಯಾದಲ್ಲಿ (ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲ ಪ್ರದೇಶ) ಸ್ಯಾನ್ ಹೊಸೆ ಮತ್ತೆ ಓಕ್‌ಲ್ಯಾಂಡ್ ಅಂತ ಇನ್ನೂ ಎರಡು ಏರ್‌ಪೋರ್ಟ್ ಇದಾವೆ. ಸನ್ನಿವೇಲ್, ಕ್ಯುಪರ್ಟಿನೋ, ಸ್ಯಾಂಟಾ ಕ್ಲಾರಾ ಕಡೆ ಇರೋರಿಗೆ ಸ್ಯಾನ್ ಹೊಸೆನೇ ಹತ್ತಿರ, ಆದ್ರೆ ದೂರದ ಇಂಟರ್‌ನ್ಯಾಷನಲ್ ಫ್ಲೈಟ್‌ಗಳು ಜಾಸ್ತಿ ಬರೋದು ಎಸ್‌ಎಫ್‌ಒಗೆ.

ಇಲ್ಲೊಂದು ಎಚ್ಚರಿಕೆ. ಸ್ಯಾನ್ ಹೊಸೆ ಅನ್ನೋ ಹೆಸರಿನ ಊರು ಕೋಸ್ಟಾ ರಿಕಾ ದೇಶದಲ್ಲೂ ಇದೆ, ಅದು ಆ ದೇಶದ ರಾಜಧಾನಿ. ಕ್ಯಾಲಿಫೋರ್ನಿಯಾದ್ದರ ಕೋಡ್ ಎಸ್‌ಜೆಸಿ, ಕೋಸ್ಟಾ ರಿಕಾದ್ದು ಎಸ್‌ಜೆಒ. ಒಂದೇ ಅಕ್ಷರದ ವ್ಯತ್ಯಾಸ, ಹುಡುಕೋವಾಗ ಲಿಸ್ಟಲ್ಲಿ ಎರಡೂ ಮೇಲೆ ಕೆಳಗೆ ಬರಬಹುದು, ದೇಶದ ಹೆಸರು ನೋಡ್ದೆ ಒತ್ತಬೇಡಿ.

ಹಂತ 2: ದೂರ ಅಳೀರಿ, ಆದ್ರೆ ಗೋಡೆ ಮ್ಯಾಪ್ ಮೇಲೆ ಅಲ್ಲ

ಸ್ಕೂಲಲ್ಲಿ ಗೋಡೆಗೆ ಹಾಕ್ತಿದ್ರಲ್ಲ ಆ ಮ್ಯಾಪಲ್ಲಿ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಗೆರೆ ಎಳೆದ್ರೆ ಅದು ಆಫ್ರಿಕಾ, ಅಟ್ಲಾಂಟಿಕ್ ಸಮುದ್ರ ದಾಟಿ ಹೋಗತ್ತೆ. ಅದು ಹತ್ತಿರದ ದಾರಿ ಅಲ್ವೇ ಅಲ್ಲ. ಗುಂಡಗಿರೋ ಭೂಮಿನ ಚಪ್ಪಟೆ ಕಾಗದದ ಮೇಲೆ ಹರಡಿರೋದ್ರಿಂದ ಉತ್ತರದ ಕಡೆ ಎಲ್ಲಾ ಹಿಗ್ಗಿ ಹೋಗಿರತ್ತೆ. ಗ್ಲೋಬ್ ತಗೊಂಡು ಒಂದು ದಾರದ ತುದಿನ ಬೆಂಗಳೂರಿನ ಮೇಲೆ ಇಟ್ಟು, ಇನ್ನೊಂದು ತುದಿನ ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು ಬಿಗಿಯಾಗಿ ಎಳೀರಿ. ದಾರ ತಾನಾಗೇ ಉತ್ತರಕ್ಕೆ ಜಾರಿ ಹಿಮಾಲಯ, ಟಿಬೆಟ್, ಚೀನಾ, ಸೈಬೀರಿಯಾ ಮೇಲೆ ಹೋಗಿ ಅಲಾಸ್ಕಾ ಕಡೆಯಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಇಳಿಯತ್ತೆ. ಈ ದಾರಿಗೆ ಗ್ರೇಟ್ ಸರ್ಕಲ್ ಅಂತಾರೆ, ಅಂದ್ರೆ ಗೋಳದ ಮೇಲೆ ಎರಡು ಜಾಗದ ನಡುವಿನ ಅತೀ ಹತ್ತಿರದ ದಾರಿ.

ಹೀಗೆ ಅಳೆದ್ರೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಮಧ್ಯೆ ಸುಮಾರು 14,000 ಕಿ.ಮೀ. ಮೈಲಿಯಲ್ಲಿ ಹೇಳ್ಬೇಕಂದ್ರೆ 8,700. ಭೂಮಿಯ ಸುತ್ತಳತೆನೇ ಸುಮಾರು 40,000 ಕಿ.ಮೀ., ಹಾಗಾಗಿ ಭೂಮಿ ಮೇಲೆ ಯಾವ್ದೇ ಎರಡು ಊರಿನ ಮಧ್ಯೆ 20,000 ಕಿ.ಮೀ.ಗಿಂತ ಜಾಸ್ತಿ ದೂರ ಇರಕ್ಕೆ ಸಾಧ್ಯನೇ ಇಲ್ಲ, ಅದರಲ್ಲಿ ನಮ್ಮದು ಮುಕ್ಕಾಲು ಭಾಗದ ಹತ್ತಿರ ಬಂತು ಅಂದ್ಕೊಳಿ.

ದಾರ ಗ್ಲೋಬ್ ಇಲ್ಲ ಅಂದ್ರೆ ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನೋ ವೆಬ್‌ಸೈಟಲ್ಲಿ ಎರಡು ಕೋಡ್ ಹಾಕಿದ್ರೆ ದೂರ, ದಾರಿ ಎರಡೂ ಬರತ್ತೆ. ಕಂಪ್ಯೂಟರಲ್ಲಿ ಗೂಗಲ್ ಮ್ಯಾಪ್ಸ್ ತೆಗೆದು ರೈಟ್ ಕ್ಲಿಕ್ ಮಾಡಿದ್ರೂ ದೂರ ಅಳೆಯೋ ಆಪ್ಷನ್ ಸಿಗತ್ತೆ. ಜನ ಜಾಸ್ತಿ ಎಡವೋದು ಅಳತೆ ಮಾನದಲ್ಲಿ: ನಾವು ರಸ್ತೆಯಲ್ಲಿ ಬಳಸೋ ಮೈಲಿ 1.6 ಕಿ.ಮೀ., ವಿಮಾನದವರು ಬಳಸೋ ನಾಟಿಕಲ್ ಮೈಲಿ 1.85 ಕಿ.ಮೀ. ಒಂದು ಸೈಟು 8,700 ಅನ್ನತ್ತೆ ಇನ್ನೊಂದು 7,550 ಅನ್ನತ್ತೆ, ಎರಡೂ ಅದೇ ದೂರಾನೇ, ಗಾಬರಿ ಬೇಡ.

ಹಂತ 3: ದೂರನ ಗಂಟೆಗೆ ಬದಲಾಯಿಸಿ

ದೊಡ್ಡ ಜೆಟ್ ವಿಮಾನ ಮೇಲೆ ಹೋದ್ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹೋಗತ್ತೆ. ಏರೋದು, ಇಳಿಯೋದು, ಸ್ವಲ್ಪ ಸುತ್ತು ಬಳಸು ಎಲ್ಲಾ ಸೇರಿಸಿ 850 ಅಂತ ಹಿಡ್ಕೊಳಿ, ಮೇಲೆ ಅರ್ಧ ಗಂಟೆ ಸೇರಿಸಿ. ಸೂತ್ರ ಇಷ್ಟೇ: ಕಿ.ಮೀ. ಭಾಗಿಸು 850, ಪ್ಲಸ್ ಅರ್ಧ ಗಂಟೆ.

14,000ನ 850ರಿಂದ ಭಾಗಿಸಿದ್ರೆ ಹದಿನಾರೂವರೆ, ಅರ್ಧ ಸೇರಿಸಿದ್ರೆ 17 ಗಂಟೆ. ಬೆಂಗಳೂರು–ದುಬೈ 2,700 ಕಿ.ಮೀ., ಸೂತ್ರದಲ್ಲಿ ಮೂರು ಮುಕ್ಕಾಲು ಗಂಟೆ ಬರತ್ತೆ, ಟಿಕೆಟಲ್ಲಿ 4 ಗಂಟೆ ಇರತ್ತೆ. ದುಬೈ–ಸ್ಯಾನ್ ಫ್ರಾನ್ಸಿಸ್ಕೋ 13,000 ಕಿ.ಮೀ., ಸೂತ್ರದಲ್ಲಿ ಹದಿನೈದು ಮುಕ್ಕಾಲು, ಟಿಕೆಟಲ್ಲೂ 16ರ ಹತ್ತಿರಾನೇ. ಟಿಕೆಟ್ ಮೇಲೆ ಬರೆದಿರೋದು ಬ್ಲಾಕ್ ಟೈಮ್, ಅಂದ್ರೆ ಇಲ್ಲಿ ಗೇಟ್ ಬಿಟ್ಟಾಗಿನಿಂದ ಅಲ್ಲಿ ಗೇಟ್ ತಲುಪೋವರೆಗೂ ಸೇರಿಸಿದ ಟೈಮು, ಬರೀ ಆಕಾಶದಲ್ಲಿರೋದಲ್ಲ. ಅದಕ್ಕೇ ಪೈಲಟ್ "ಇವತ್ತು ಹಾರಾಟ 15 ಗಂಟೆ 10 ನಿಮಿಷ" ಅಂದ್ರೆ ಟಿಕೆಟ್‌ಗಿಂತ ಕಮ್ಮಿ ಕೇಳಿಸತ್ತೆ.

ಸೂತ್ರ ಕೈ ಕೊಡೋದು ಎರಡು ಕಾರಣಕ್ಕೆ.

ಒಂದು, ಗಾಳಿ. ವಿಮಾನ ಹಾರೋ ಎತ್ತರದಲ್ಲಿ, ಅಂದ್ರೆ 30,000ದಿಂದ 40,000 ಅಡಿ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸೋ ಗಾಳಿಯ ಪಟ್ಟಿಗಳಿದಾವೆ, ಜೆಟ್ ಸ್ಟ್ರೀಮ್ ಅಂತ. ಚಳಿಗಾಲದಲ್ಲಿ ಇವು ಇನ್ನೂ ಜೋರು, ಗಂಟೆಗೆ 200 ಕಿ.ಮೀ. ದಾಟೋದು ಅಪರೂಪ ಏನಲ್ಲ. ಬೆನ್ನಿಗೆ ಸಿಕ್ಕಿದ್ರೆ ವಿಮಾನ ಬೇಗ ತಲುಪತ್ತೆ, ಎದುರಿಗೆ ಬಂದ್ರೆ ತಡ. ಟೋಕಿಯೊ–ಸ್ಯಾನ್ ಫ್ರಾನ್ಸಿಸ್ಕೋ ನೋಡಿ: ದೂರ ಎರಡೂ ಕಡೆಯಿಂದ 8,200 ಕಿ.ಮೀ.ನೇ, ಟೋಕಿಯೊದಿಂದ ಅಮೆರಿಕಕ್ಕೆ ಒಂಬತ್ತೂವರೆ ಗಂಟೆ ಆದ್ರೆ ವಾಪಸ್ ಬರೋವಾಗ 11 ಗಂಟೆ ಹತ್ತಿರ ಆಗತ್ತೆ. ಅದಕ್ಕೇ "ಹೋಗೋವಾಗ ಇಷ್ಟಾಯ್ತು ಬರೋವಾಗ್ಲೂ ಅಷ್ಟೇ ಆಗತ್ತೆ" ಅಂತ ಲೆಕ್ಕ ಹಾಕ್ಲೇಬೇಡಿ.

ಎರಡು, ಹೋಗೋಕೆ ಆಗದಿರೋ ಆಕಾಶ. ನಮ್ಮ ದಾರ ಟಿಬೆಟ್ ಮೇಲೆ ಹೋಯ್ತಲ್ಲ, ವಿಮಾನಗಳು ಅಲ್ಲಿ ಉದ್ದಕ್ಕೆ ಹಾರಕ್ಕೆ ಇಷ್ಟಪಡಲ್ಲ. ಒಳಗಿನ ಗಾಳಿಯ ಒತ್ತಡ ಹೋದ್ರೆ ತಕ್ಷಣ ಸುಮಾರು 10,000 ಅಡಿಗೆ ಇಳೀಬೇಕು, ಅಲ್ಲಿ ನೆಲಾನೇ ಅದಕ್ಕಿಂತ ಎತ್ತರ ಇದೆ. ಇನ್ನು ರಾಜಕೀಯ: 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ್ಮೇಲೆ ಅಮೆರಿಕ, ಯುರೋಪಿಯನ್ ಯೂನಿಯನ್, ಬ್ರಿಟನ್, ಕೆನಡಾದ ಏರ್‌ಲೈನ್‌ಗಳಿಗೆ ರಷ್ಯಾ ತನ್ನ ಆಕಾಶ ಮುಚ್ಚಿತು. ಏಪ್ರಿಲ್ 2025ರಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ಮುಚ್ಚಿತು. ಇಂಥದ್ದಾದಾಗ ಅದೇ ಎರಡು ಊರು, ಅದೇ ವಿಮಾನ, ಆದ್ರೂ ಒಂದೆರಡು ಗಂಟೆ ಜಾಸ್ತಿ ಆಗಿಬಿಡತ್ತೆ, ಕೆಲವು ಸಲ ಇಂಧನ ತುಂಬಿಸ್ಕೊಳ್ಳಕ್ಕೆ ಮಧ್ಯೆ ಇಳೀಬೇಕಾಗತ್ತೆ. ಮೂರ್ನಾಲ್ಕು ವರ್ಷದ ಹಿಂದೆ ಹೋಗಿ ಬಂದವರು ಹೇಳೋ ಗಂಟೆಗಳು ಈಗ ಹೊಂದದೇ ಇರೋದಕ್ಕೆ ಇದೂ ಒಂದು ಕಾರಣ.

ಹಂತ 4: ದಾರಿ ಆರಿಸ್ಕೊಳಿ

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಲ್ಲೂ ಇಳಿಯದ ಹಾರಾಟ ಶುರುವಾಗಿದ್ದು ಜನವರಿ 2021ರಲ್ಲಿ, ಏರ್ ಇಂಡಿಯಾದ್ದು. ಮೊದಲ ವಿಮಾನ 9ನೇ ತಾರೀಕು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಉತ್ತರ ಧ್ರುವದ ಮೇಲಿಂದ ಹಾರಿ 11ನೇ ತಾರೀಕು ಬೆಳಗಿನ ಜಾವ ಕೆಂಪೇಗೌಡ ಏರ್‌ಪೋರ್ಟಲ್ಲಿ ಇಳೀತು, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲಾ ಹೆಣ್ಣುಮಕ್ಕಳೇ. ಈಗ್ಲೂ ನೆನೆಸ್ಕೊಂಡ್ರೆ ಖುಷಿಯಾಗೋ ವಿಷಯ ಅದು. ಆದ್ರೆ ಇಂಥ ಉದ್ದದ ಸರ್ವೀಸ್‌ಗಳನ್ನ ಏರ್‌ಲೈನ್‌ನವರು ವಾರಕ್ಕೆಷ್ಟು ಸಲ ಅನ್ನೋದು ಬದಲಾಯಿಸ್ತಾರೆ, ನಿಲ್ಲಿಸ್ತಾರೆ, ಮತ್ತೆ ಶುರು ಮಾಡ್ತಾರೆ. ನೀವು ಹೋಗೋ ತಿಂಗಳಲ್ಲಿ ಇದ್ಯೋ ಇಲ್ವೋ ಅಂತ ಮೊದ್ಲು ಏರ್‌ಲೈನ್ ಸೈಟಲ್ಲೇ ನೋಡಿ, ಯಾರದೋ ಹಳೇ ಮಾತು ನಂಬ್ಕೊಂಡು ಪ್ಲಾನ್ ಮಾಡ್ಬೇಡಿ.

ಹುಡುಕೋವಾಗ ಇನ್ನೊಂದು ಬಲೆ: ನಾನ್‌ಸ್ಟಾಪ್ ಬೇರೆ, ಡೈರೆಕ್ಟ್ ಬೇರೆ. ನಾನ್‌ಸ್ಟಾಪ್ ಅಂದ್ರೆ ಎಲ್ಲೂ ಇಳಿಯಲ್ಲ. ಡೈರೆಕ್ಟ್ ಅಂದ್ರೆ ಫ್ಲೈಟ್ ನಂಬರ್ ಒಂದೇ, ಆದ್ರೆ ಮಧ್ಯೆ ಎಲ್ಲೋ ಇಳಿದು ಏರಬಹುದು. ಏಜೆಂಟ್ "ಡೈರೆಕ್ಟ್ ಇದೆ ಸಾರ್" ಅಂದ್ರೆ "ಮಧ್ಯೆ ಎಲ್ಲಾದ್ರೂ ನಿಲ್ಲತ್ತಾ?" ಅಂತ ಇನ್ನೊಂದ್ಸಲ ಕೇಳಿ.

ಮಧ್ಯೆ ಇಳಿಯೋದಾದ್ರೆ ಎರಡು ತುಂಡಿನ ದೂರ ಕೂಡಿಸಿ ನೋಡಿ:

ದೆಹಲಿ ಮೇಲೆ: 1,700 + 12,400, ಒಟ್ಟು 14,100 ಕಿ.ಮೀ.
ಟೋಕಿಯೊ ಮೇಲೆ: 6,700 + 8,200, ಒಟ್ಟು 14,900
ಹಾಂಗ್ ಕಾಂಗ್ ಮೇಲೆ: 3,950 + 11,100, ಒಟ್ಟು 15,050
ದುಬೈ ಮೇಲೆ: 2,700 + 13,000, ಒಟ್ಟು 15,700
ಫ್ರಾಂಕ್‌ಫರ್ಟ್ ಮೇಲೆ: 7,400 + 9,150, ಒಟ್ಟು 16,550
ಲಂಡನ್ ಮೇಲೆ: 8,050 + 8,600, ಒಟ್ಟು 16,650
ಸಿಂಗಾಪುರ ಮೇಲೆ: 3,200 + 13,600, ಒಟ್ಟು 16,800

ಇವೆಲ್ಲಾ ಗೋಳದ ಮೇಲಿನ ದಾರದ ಲೆಕ್ಕ, ನಿಜವಾದ ಹಾರಾಟ ಇನ್ನೂ ಸ್ವಲ್ಪ ಸುತ್ತಾಗತ್ತೆ. ಆದ್ರೂ ಎರಡು ವಿಷಯ ಕಣ್ಣಿಗೆ ಹೊಡಿಯತ್ತೆ ನೋಡಿ. "ಅಮೆರಿಕಕ್ಕೆ ಹೋಗಕ್ಕೆ ದೆಹಲಿಗೆ ಯಾಕೆ ಸುತ್ತಿ ಹೋಗ್ಬೇಕು" ಅಂತ ತುಂಬಾ ಜನ ಕೇಳ್ತಾರೆ, ಆದ್ರೆ ದಾರ ಹೇಗಿದ್ರೂ ಉತ್ತರಕ್ಕೇ ಹೋಗೋದ್ರಿಂದ ದೆಹಲಿ ಮೇಲೆ ಹೋದ್ರೆ ಜಾಸ್ತಿ ಆಗೋದು ಸುಮಾರು 100 ಕಿ.ಮೀ. ಮಾತ್ರ. ಹಾಗೇ ಟೋಕಿಯೊ ದೂರ ಅಂತ ಅಂದ್ಕೊಳ್ಳೋರು ಜಾಸ್ತಿ, ಲೆಕ್ಕ ನೋಡಿದ್ರೆ ದುಬೈಗಿಂತ ಅದೇ ಹತ್ತಿರ.

ಆದ್ರೆ ಒಟ್ಟು ದೂರ ಒಂದನ್ನೇ ನೋಡಿ ಟಿಕೆಟ್ ತಗೋಬೇಡಿ, ತುಂಡು ಹೇಗೆ ಬೀಳತ್ತೆ ಅನ್ನೋದೂ ಮುಖ್ಯ. ದುಬೈ, ದೋಹಾ, ಸಿಂಗಾಪುರದಲ್ಲಿ ಮೊದಲ ತುಂಡು ನಾಲ್ಕು ನಾಲ್ಕೂವರೆ ಗಂಟೆ, ಎರಡನೇದು 16 ಗಂಟೆ ಹತ್ತಿರ. ಮಂಡಿ ನೋವು, ಸೊಂಟ ನೋವು ಇರೋ ಅಪ್ಪ ಅಮ್ಮಂಗೆ ಆ 16 ಗಂಟೆ ಕೂತ್ಕೊಳೋದು ನಿಜವಾಗ್ಲೂ ಕಷ್ಟ. ಫ್ರಾಂಕ್‌ಫರ್ಟ್, ಲಂಡನ್, ಟೋಕಿಯೊ ಆದ್ರೆ ಎರಡು ತುಂಡೂ ಹೆಚ್ಚು ಕಮ್ಮಿ ಸಮ, ಮಧ್ಯೆ ಕಾಲು ಚಾಚಿ ಓಡಾಡಬಹುದು. ನನ್ನ ಕೇಳಿದ್ರೆ ವಯಸ್ಸಾದವರಿಗೆ ಸಮವಾಗಿ ಒಡೆಯೋ ದಾರೀನೇ ವಾಸಿ, ಒಂದೆರಡು ಗಂಟೆ ಜಾಸ್ತಿ ಆದ್ರೂ ಪರವಾಗಿಲ್ಲ. ಭಾಷೆ ಭಯ ಇರೋರಿಗೆ, ಮೊದಲ ಸಲ ಒಬ್ರೇ ಹೋಗೋರಿಗೆ ದೆಹಲಿ ಒಳ್ಳೇದು.

ಹಂತ 5: ಟಿಕೆಟ್ ಮೇಲಿರೋ ಟೈಮ್ ಓದೋದು ಕಲೀರಿ

ಇದು ಎಲ್ಲಕ್ಕಿಂತ ಜಾಸ್ತಿ ಗೊಂದಲ ಮಾಡೋ ಹಂತ, ನಿಧಾನಕ್ಕೆ ಓದಿ.

ಟಿಕೆಟಲ್ಲಿ ಹೊರಡೋ ಟೈಮು ಹೊರಡೋ ಊರಿನ ಗಡಿಯಾರದ್ದು, ತಲುಪೋ ಟೈಮು ತಲುಪೋ ಊರಿನ ಗಡಿಯಾರದ್ದು. ಒಂದರಿಂದ ಇನ್ನೊಂದನ್ನ ಸುಮ್ನೆ ಕಳೆದ್ರೆ ತಪ್ಪು ಉತ್ತರ ಬರತ್ತೆ. ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹಿಂದೆ ಇದೆ: ಅವರ ಬೇಸಿಗೆ ಟೈಮಲ್ಲಿ 12 ಗಂಟೆ 30 ನಿಮಿಷ, ಚಳಿಗಾಲದಲ್ಲಿ 13 ಗಂಟೆ 30 ನಿಮಿಷ. ಯಾಕೆ ಎರಡು ಅಂದ್ರೆ ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರನ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ, ನವೆಂಬರ್ ಮೊದಲನೇ ಭಾನುವಾರ ವಾಪಸ್ ಹಿಂದಕ್ಕೆ ತರ್ತಾರೆ, ಇದಕ್ಕೆ ಡೇಲೈಟ್ ಸೇವಿಂಗ್ ಅಂತ ಹೆಸರು. ನಮ್ಮಲ್ಲಿ ಆ ಪದ್ಧತಿ ಇಲ್ಲ.

ಈಗ ಸೂತ್ರ. ಹೋಗೋವಾಗ: ತಲುಪೋ ಟೈಮಿಂದ ಹೊರಡೋ ಟೈಮ್ ಕಳೀರಿ, ಆಮೇಲೆ ಹನ್ನೆರಡೂವರೆ (ಚಳಿಗಾಲದಲ್ಲಿ ಹದಿಮೂರೂವರೆ) ಕೂಡಿಸಿ. ಬರೋವಾಗ: ಹಾಗೇ ಕಳೆದು, ಬಂದಿದ್ದರಿಂದ ಆ ಹನ್ನೆರಡೂವರೆ (ಚಳಿಗಾಲದಲ್ಲಿ ಹದಿಮೂರೂವರೆ) ಇನ್ನೊಂದ್ಸಲ ಕಳೀರಿ.

ಜುಲೈ ತಿಂಗಳ ಒಂದು ಟಿಕೆಟ್ ಹೀಗಿದೆ ಅಂತಿಟ್ಕೊಳಿ: ಬೆಂಗಳೂರು ಬಿಡೋದು ಬೆಳಗಿನ ಜಾವ 4:00, ದುಬೈ ಮೇಲೆ, ಸ್ಯಾನ್ ಫ್ರಾನ್ಸಿಸ್ಕೋ ತಲುಪೋದು ಅದೇ ದಿನ ಮಧ್ಯಾಹ್ನ 1:40. ನೋಡಿದ್ರೆ 9 ಗಂಟೆ 40 ನಿಮಿಷದಲ್ಲಿ ಅಮೆರಿಕ ಬಂದ್ಬಿಡ್ತು ಅನ್ಸತ್ತೆ. 12:30 ಕೂಡಿಸಿ, 22 ಗಂಟೆ 10 ನಿಮಿಷ, ಅದೇ ನಿಜ.

ವಾಪಸ್ಸಿಂದು: ಶುಕ್ರವಾರ ರಾತ್ರಿ 9:00ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಭಾನುವಾರ ಬೆಳಗಿನ ಜಾವ 2:30ಕ್ಕೆ ಬೆಂಗಳೂರು. ಸುಮ್ನೆ ಕಳೆದ್ರೆ 29 ಗಂಟೆ 30 ನಿಮಿಷ, ಅದರಿಂದ 12:30 ತೆಗೆದ್ರೆ 17 ಗಂಟೆ, ಅಂದ್ರೆ ಅದು ನಾನ್‌ಸ್ಟಾಪು. ಶನಿವಾರ ಅನ್ನೋ ದಿನ ಹೆಚ್ಚು ಕಮ್ಮಿ ಪೂರ್ತಿ ವಿಮಾನದಲ್ಲೇ ಕಳೆದು ಹೋಗತ್ತೆ. ಮದುವೆ, ಗೃಹಪ್ರವೇಶ ಅಂತ ಬರೋರು ಇದನ್ನ ಮರೆತು ಗುರುವಾರ ರಾತ್ರಿ ಹೊರಟ್ರೆ ಶುಕ್ರವಾರ ದೇವರ ಸಮಾರಾಧನೆಗೆ ಸಿಗ್ತೀನಿ ಅಂದ್ಕೋತಾರೆ, ಸಿಗಲ್ಲ, ಬರೋದು ಶನಿವಾರ.

ಮಧ್ಯೆ ಇಳಿಯೋ ಊರಿನ ಗಡಿಯಾರ ಇನ್ನೊಂದು ತಲೆನೋವು. ಅದನ್ನೆಲ್ಲಾ ಬಿಟ್ಟು ಯುಟಿಸಿಗೆ ಬದಲಾಯಿಸ್ಕೊಂಡ್ರೆ ತಪ್ಪೋದೇ ಇಲ್ಲ. ಯುಟಿಸಿ ಅಂದ್ರೆ ಇಡೀ ಜಗತ್ತಿಗೆ ಒಂದೇ ಆಗಿರೋ ಟೈಮ್. ಭಾರತದ ಟೈಮಿಂದ ಐದೂವರೆ ಗಂಟೆ ಕಳೆದ್ರೆ ಯುಟಿಸಿ, ದುಬೈ ಟೈಮಿಂದ 4 ಕಳೆದ್ರೆ ಯುಟಿಸಿ, ಸ್ಯಾನ್ ಫ್ರಾನ್ಸಿಸ್ಕೋ ಟೈಮಿಗೆ ಬೇಸಿಗೆಯಲ್ಲಿ 7, ಚಳಿಗಾಲದಲ್ಲಿ 8 ಕೂಡಿಸಿದ್ರೆ ಯುಟಿಸಿ. ಎಲ್ಲಾ ಟೈಮನ್ನೂ ಹೀಗೆ ಒಂದು ಕಾಲಂನಲ್ಲಿ ಬರ್ಕೊಂಡು ಕಳೀತಾ ಹೋಗಿ.

ಫೋನ್ ಮಾಡೋರಿಗೆ ಬಾಯಿಲೆಕ್ಕ: ಬೇಸಿಗೆಯಲ್ಲಿ ನಮ್ಮ ಬೆಳಿಗ್ಗೆ 8 ಅಂದ್ರೆ ಅವರಿಗೆ ಹಿಂದಿನ ದಿನ ರಾತ್ರಿ 7:30, ಚಳಿಗಾಲದಲ್ಲಿ ಸಂಜೆ 6:30.

ಮಾರ್ಚ್ ಮತ್ತು ಅಕ್ಟೋಬರ್–ನವೆಂಬರ್ ಹತ್ತಿರ ಹೋಗೋರಿಗೆ ವಿಶೇಷ ಎಚ್ಚರಿಕೆ. ಅಮೆರಿಕ ಗಡಿಯಾರ ತಿರುಗಿಸೋ ದಿನ ಬೇರೆ, ಯುರೋಪಿಂದು ಬೇರೆ (ಅಲ್ಲಿ ಮಾರ್ಚ್ ಕೊನೇ ಭಾನುವಾರ, ಅಕ್ಟೋಬರ್ ಕೊನೇ ಭಾನುವಾರ), ಏರ್‌ಲೈನ್‌ಗಳ ಟೈಮ್‌ಟೇಬಲ್ಲೂ ಮಾರ್ಚ್ ಮತ್ತು ಅಕ್ಟೋಬರ್ ಕೊನೇ ಭಾನುವಾರ ಬದಲಾಗತ್ತೆ. ಆರು ತಿಂಗಳ ಮುಂಚೆ ಬುಕ್ ಮಾಡಿದ್ದು ಆ ಹೊತ್ತಿಗೆ ಬದಲಾಗಿರಬಹುದು. ಹೊರಡೋಕೆ ಒಂದು ವಾರ ಇದ್ದಾಗ ಮತ್ತೆ ತೆಗೆದು ನೋಡಿ.

ಹಂತ 6: ಮಧ್ಯರಾತ್ರಿ ತಾರೀಕಿನ ಬಲೆ

ಬೆಂಗಳೂರಿಂದ ವಿದೇಶಕ್ಕೆ ಹೋಗೋ ತುಂಬಾ ಫ್ಲೈಟ್‌ಗಳು ರಾತ್ರಿ 12ರಿಂದ ಬೆಳಗಿನ ಜಾವ 4:30ರೊಳಗೆ ಹೊರಡತ್ತೆ. ಟಿಕೆಟಲ್ಲಿ "15 ಜುಲೈ, 02:30" ಅಂತಿದ್ರೆ ನೀವು ಏರ್‌ಪೋರ್ಟಲ್ಲಿ ಇರ್ಬೇಕಾಗಿರೋದು 14ನೇ ತಾರೀಕು ರಾತ್ರಿ 11:30ಕ್ಕೆ. 15ನೇ ತಾರೀಕು ರಾತ್ರಿ ಊಟ ಮಾಡ್ಕೊಂಡು ಹೊರಟ್ರೆ ವಿಮಾನ ಹೋಗಿ ಇಡೀ ದಿನ ಆಗಿರತ್ತೆ. ಟಿಕೆಟ್ ಬಂದ ತಕ್ಷಣ ಕ್ಯಾಲೆಂಡರಲ್ಲಿ "14ನೇ ತಾರೀಕು ರಾತ್ರಿ ಮನೆ ಬಿಡೋದು" ಅಂತ ಬರೆದುಬಿಡಿ. ಕ್ಯಾಬ್ ಮುಂಚೆನೇ ಬುಕ್ ಮಾಡೋರೂ ಇದೇ ತಾರೀಕು ಹಾಕಿ.

ತಲುಪೋ ಟೈಮಿನ ಪಕ್ಕ +1 ಅಂತಿದ್ರೆ ಮಾರನೇ ದಿನ, +2 ಅಂದ್ರೆ ಅದರ ಮಾರನೇ ದಿನ. ಚಿಕ್ಕದಾಗಿ ಪ್ರಿಂಟ್ ಆಗಿರತ್ತೆ, ಕರ್ಕೊಂಡು ಹೋಗಕ್ಕೆ ಬರೋರಿಗೆ ತಪ್ಪು ದಿನ ಹೇಳೋದು ಇದರಿಂದಾನೇ.

ಹಂತ 7: ಲೇಓವರ್ ಲೆಕ್ಕ

ಲೇಓವರ್ ಅಂದ್ರೆ ಒಂದು ವಿಮಾನ ಇಳಿದು ಇನ್ನೊಂದು ಹತ್ತೋ ಮಧ್ಯದ ಹೊತ್ತು. ಒಂದೇ ಪಿಎನ್‌ಆರ್‌ನಲ್ಲಿ (ಅಂದ್ರೆ ಎರಡೂ ಫ್ಲೈಟ್ ಸೇರಿ ಒಂದೇ ಬುಕಿಂಗ್ ನಂಬರ್) ಇದ್ರೆ ಮೊದಲ ಫ್ಲೈಟ್ ತಡವಾಗಿ ಎರಡನೇದು ತಪ್ಪಿದ್ರೂ ಮುಂದಿನ ಫ್ಲೈಟ್ ಕೊಡೋ ಜವಾಬ್ದಾರಿ ಏರ್‌ಲೈನ್‌ದು. ಬೇರೆ ಬೇರೆ ಟಿಕೆಟ್ ತಗೊಂಡು ಐದು ಸಾವಿರ ಹತ್ತು ಸಾವಿರ ಉಳಿಸೋರಿದಾರೆ, ಅದ್ರಲ್ಲಿ ತಪ್ಪಿದ್ರೆ ಪೂರ್ತಿ ಹೊಸ ಟಿಕೆಟ್, ಲಗೇಜ್ ಕೂಡ ತಗೊಂಡು ಮತ್ತೆ ಹಾಕ್ಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ದಯವಿಟ್ಟು ಅಪ್ಪ ಅಮ್ಮಂಗೆ ಹಾಗೆ ಮಾಡ್ಬೇಡಿ.

ವಿದೇಶದ ಏರ್‌ಪೋರ್ಟಲ್ಲಿ ಒಂದೂವರೆ ಗಂಟೆ ಲೇಓವರ್ ಇದ್ರೂ ಏರ್‌ಲೈನ್ ಟಿಕೆಟ್ ಕೊಡತ್ತೆ, ಆದ್ರೆ ಇನ್ನೊಂದ್ಸಲ ಸೆಕ್ಯುರಿಟಿ, ಟರ್ಮಿನಲ್ ಬದಲಾವಣೆ, ಅಮೆರಿಕದ ಫ್ಲೈಟಿಗೆ ಮಾಡೋ ಹೆಚ್ಚಿನ ತಪಾಸಣೆ ಎಲ್ಲಾ ಇರೋದ್ರಿಂದ ಎರಡೂವರೆಯಿಂದ ನಾಲ್ಕು ಗಂಟೆ ನೆಮ್ಮದಿ. ವೀಲ್‌ಚೇರ್ ಬೇಕಿದ್ರೆ ಬುಕ್ ಮಾಡೋವಾಗ್ಲೇ ಹಾಕ್ಸಿ, ಮೂರು ಗಂಟೆಗಿಂತ ಕಮ್ಮಿ ಇಟ್ಕೋಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಲೇಓವರ್ ಅಮೆರಿಕದ ಒಳಗೇ ಇದ್ರೆ, ಉದಾಹರಣೆಗೆ ಷಿಕಾಗೋದಲ್ಲೋ ನ್ಯೂವಾರ್ಕ್‌ನಲ್ಲೋ, ಅಮೆರಿಕದಲ್ಲಿ ಮೊದಲು ಕಾಲಿಡೋ ಊರಲ್ಲೇ ಇಮಿಗ್ರೇಷನ್ ಆಗತ್ತೆ. ಸಾಮಾನ್ಯವಾಗಿ ಅಲ್ಲೇ ಲಗೇಜ್ ತಗೊಂಡು ಕಸ್ಟಮ್ಸ್ ದಾಟಿ ಮತ್ತೆ ಲಗೇಜ್ ಹಾಕಿ ಮುಂದಿನ ಫ್ಲೈಟಿಗೆ ಹೋಗ್ಬೇಕು. ಇದಕ್ಕೆ ಮೂರು ಗಂಟೆ ಇಟ್ಕೊಳಿ, ಕ್ಯೂ ಉದ್ದ ಇದ್ರೆ ಅದೂ ಸಾಲಲ್ಲ. ಅಬುಧಾಬಿ ಇದಕ್ಕೆ ಉಲ್ಟಾ: ಅಲ್ಲಿ ಅಮೆರಿಕದ ಇಮಿಗ್ರೇಷನ್ ಅಧಿಕಾರಿಗಳೇ ಕೂತಿರ್ತಾರೆ, ವಿಮಾನ ಹತ್ತೋಕೆ ಮುಂಚೆನೇ ಎಲ್ಲಾ ಮುಗಿಯತ್ತೆ, ಆದ್ರೆ ಆ ಟೈಮನ್ನ ಅಲ್ಲಿನ ಲೇಓವರಲ್ಲಿ ಇಟ್ಕೋಬೇಕು. ವಾಪಸ್ ಬರೋವಾಗ ದೆಹಲಿಯಲ್ಲಿ ಇಳಿದ್ರೂ ಸಾಮಾನ್ಯವಾಗಿ ಇಮಿಗ್ರೇಷನ್, ಲಗೇಜ್, ಕಸ್ಟಮ್ಸ್ ಅಲ್ಲೇ ಮಾಡ್ಕೊಂಡು ಬೆಂಗಳೂರು ಫ್ಲೈಟಿಗೆ ಹೋಗ್ಬೇಕಾಗತ್ತೆ.

ಕೆಲಸದ ವೀಸಾದಲ್ಲಿ ಇರೋರಿಗೆ ಒಂದು ಮಾತು. ಪಾಸ್‌ಪೋರ್ಟಲ್ಲಿ ಅಮೆರಿಕ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ರೆ, ಊರಿಗೆ ಬರೋವಾಗ ಯುರೋಪಿನ ಕೆಲವು ಏರ್‌ಪೋರ್ಟಲ್ಲಿ ಬರೀ ವಿಮಾನ ಬದಲಾಯಿಸಕ್ಕೂ ಟ್ರಾನ್ಸಿಟ್ ವೀಸಾ ಕೇಳಬಹುದು. ನಿಯಮ ದೇಶದಿಂದ ದೇಶಕ್ಕೆ ಬೇರೆ, ಆಗಾಗ ಬದಲಾಗತ್ತೆ, ಟಿಕೆಟ್ ತಗೊಳೋಕೆ ಮುಂಚೆ ಆ ದೇಶದ ಎಂಬಸಿ ಸೈಟಲ್ಲಿ ಓದ್ಕೊಳಿ.

ಹಂತ 8: ಮನೆಯಿಂದ ಮನೆಗೆ ಕೂಡಿಸಿ

ಮೈಸೂರಿಂದ ಸನ್ನಿವೇಲ್‌ಗೆ, ದುಬೈ ಮೇಲೆ ಅಂತಿಟ್ಕೊಳಿ. ಮೈಸೂರಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ಸಲ್ಲೋ ಕಾರಲ್ಲೋ ದೇವನಹಳ್ಳಿ ಏರ್‌ಪೋರ್ಟಿಗೆ 5 ಗಂಟೆ ಹಿಡೀರಿ, ಟ್ರಾಫಿಕ್ ಸೇರಿಸಿ. ಚೆಕಿನ್, ಇಮಿಗ್ರೇಷನ್, ಸೆಕ್ಯುರಿಟಿಗೆ 3 ಗಂಟೆ. ಸೆಪ್ಟೆಂಬರ್ 2023ರಿಂದ ಇಂಟರ್‌ನ್ಯಾಷನಲ್ ಫ್ಲೈಟೆಲ್ಲಾ ಟರ್ಮಿನಲ್ 2ರಿಂದ, ಡ್ರೈವರ್‌ಗೆ ಅದನ್ನೇ ಹೇಳಿ. ದುಬೈವರೆಗೆ 4, ಲೇಓವರ್ 3, ಅಲ್ಲಿಂದ 16. ಇಳಿದ್ಮೇಲೆ ಇಮಿಗ್ರೇಷನ್, ಲಗೇಜ್‌ಗೆ 2, ಸನ್ನಿವೇಲ್‌ಗೆ ಕಾರಲ್ಲಿ 1. ಒಟ್ಟು 34 ಗಂಟೆ. ಪಕ್ಕದ ಮನೆಯವರು ಹೇಳಿದ ಒಂದೂವರೆ ದಿನ ಇಲ್ಲಿಂದ ಬಂದಿದ್ದು.

ಬೆಂಗಳೂರೊಳಗಿಂದ ಹೊರಡೋರು ಏರ್‌ಪೋರ್ಟು ಹತ್ರಾನೇ ಅಂದ್ಕೋಬೇಡಿ. ಮೆಜೆಸ್ಟಿಕ್‌ನಿಂದ 35 ಕಿ.ಮೀ. ಮೇಲಿದೆ, ಬನಶಂಕರಿ, ಎಲೆಕ್ಟ್ರಾನಿಕ್ ಸಿಟಿ ಕಡೆಯವರು ಸಂಜೆ ಹೊತ್ತಾದ್ರೆ ಎರಡೂವರೆ ಗಂಟೆ ಇಟ್ಕೊಳಿ. ವಾಯುವಜ್ರ ಬಸ್ ರಾತ್ರಿನೂ ಓಡತ್ತೆ, ಆದ್ರೆ ಎರಡು ದೊಡ್ಡ ಸೂಟ್‌ಕೇಸ್ ಇದ್ರೆ ಕ್ಯಾಬೇ ವಾಸಿ. ಇಂಟರ್‌ನ್ಯಾಷನಲ್ ಚೆಕಿನ್ ಕೌಂಟರ್ ಸಾಮಾನ್ಯವಾಗಿ ಹೊರಡೋಕೆ ಒಂದು ಗಂಟೆ ಮುಂಚೆ ಮುಚ್ಚತ್ತೆ, ಕೆಲವು ಏರ್‌ಲೈನ್‌ದು ಅದಕ್ಕೂ ಮುಂಚೆ.

ಹಂತ 9: ಮಾತ್ರೆ, ನಿದ್ದೆ

ಬಿಪಿ, ಶುಗರ್ ಮಾತ್ರೆ ತಗೊಳೋರು ಗಡಿಯಾರ ನೋಡಿ ತಗೊಂಡ್ರೆ ಎಡವಟ್ಟಾಗತ್ತೆ, ಯಾಕಂದ್ರೆ ಹಾದಿಯಲ್ಲಿ ಗಡಿಯಾರ ಹನ್ನೆರಡೂವರೆ ಗಂಟೆ ಹಿಂದಕ್ಕೆ ಹೋಗತ್ತೆ. ಕೈಗಡಿಯಾರ ಒಂದನ್ನ ಭಾರತದ ಟೈಮಲ್ಲೇ ಬಿಟ್ಟು, ಹೋಗೋ ದಾರಿಯಲ್ಲಿ ಅದನ್ನೇ ನೋಡಿ ತಗೊಳೋದು ಸುಲಭ. ಅಲ್ಲಿ ಹೋದ್ಮೇಲೆ ಹೇಗೆ ಬದಲಾಯಿಸ್ಬೇಕು ಅಂತ ಹೊರಡೋ ಮುಂಚೆನೇ ಡಾಕ್ಟರ್ ಹತ್ರ ಬರೆಸ್ಕೊಳಿ, ಇನ್ಸುಲಿನ್ ಇರೋರು ಬರೆಸ್ಕೊಳ್ಳದೇ ಹೊರಡ್ಲೇಬೇಡಿ. ಮಾತ್ರೆ ಎಲ್ಲಾ ಕೈಚೀಲದಲ್ಲಿ, ಚೀಟಿ ಸಮೇತ.

ಹಗಲು ರಾತ್ರಿ ಪೂರ್ತಿ ಅದಲು ಬದಲಾಗೋದ್ರಿಂದ ಮೊದಲ ಒಂದು ವಾರ ನಿದ್ದೆ ಸರಿ ಹೋಗಲ್ಲ. ಹಗಲು ಹೊತ್ತು ಬಿಸಿಲಲ್ಲಿ ಓಡಾಡಿ. ತಲುಪಿದ ಮಾರನೇ ದಿನಾನೇ ಕಾರ್ಯಕ್ರಮ ಇಟ್ಕೋಬೇಡಿ. ವಿಮಾನದಲ್ಲಿ ಒಂದೆರಡು ಗಂಟೆಗೊಂದ್ಸಲ ಎದ್ದು ಓಡಾಡಿ, ಗಂಟೆಗಟ್ಟಲೆ ಕೂತ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಇರತ್ತೆ.

ಹಂತ 10: ಹೊರಡೋ ದಿನ

ವಿಮಾನ ಎಲ್ಲಿದೆ ಅಂತ ತೋರಿಸೋ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್ ಆ್ಯಪಲ್ಲಿ ಫ್ಲೈಟ್ ನಂಬರ್ ಹಾಕಿ ಹಿಂದಿನ ಒಂದು ವಾರ ಅದು ನಿಜವಾಗ್ಲೂ ಎಷ್ಟು ಗಂಟೆ ತಗೊಂಡಿದೆ ನೋಡಿ. ನಿಮ್ಮ ಸೂತ್ರದ ಲೆಕ್ಕಕ್ಕಿಂತ ಇದು ನಂಬಿಕಸ್ತ, ಇವತ್ತಿನ ಗಾಳಿ, ಇವತ್ತಿನ ಸುತ್ತುದಾರಿ ಎಲ್ಲಾ ಅದರಲ್ಲಿ ಸೇರಿರತ್ತೆ. ವಿಮಾನ ಸಮುದ್ರದ ಮೇಲೋ ಧ್ರುವದ ಹತ್ತಿರಾನೋ ಇದ್ದಾಗ ಆ್ಯಪಲ್ಲಿ ಸ್ವಲ್ಪ ಹೊತ್ತು ಕಾಣದೇ ಹೋಗಬಹುದು, ಅಲ್ಲಿ ನೆಲದ ಮೇಲಿನ ರಿಸೀವರ್‌ಗಳಿಗೆ ಸಿಗ್ನಲ್ ಸಿಗಲ್ಲ ಅಷ್ಟೇ. ಮನೇಲಿ ಕೂತು ನೋಡೋರು ಇದಕ್ಕೆ ಗಾಬರಿ ಆಗ್ತಾರೆ, ಮುಂಚೆನೇ ಹೇಳಿಡಿ.

ಕರ್ಕೊಂಡು ಹೋಗಕ್ಕೆ ಬರೋ ಮಗನಿಗೆ ಫ್ಲೈಟ್ ನಂಬರ್, ಅಲ್ಲಿನ ತಾರೀಕು, ಅಲ್ಲಿನ ಟೈಮ್ ಮೂರೂ ವಾಟ್ಸಾಪ್ ಮಾಡಿ, ಬರೀ "ಬುಧವಾರ ಬರ್ತೀವಿ" ಅಂತ ಅಲ್ಲ. ವಿಮಾನ ಇಳಿದ್ಮೇಲೆ ಈಚೆ ಬರಕ್ಕೆ ಒಂದೂವರೆ ಎರಡು ಗಂಟೆ ಆಗೋದ್ರಿಂದ ಅವರು ಇಳಿಯೋ ಟೈಮಿಗೇ ಗೇಟಲ್ಲಿ ಕಾಯೋದು ಬೇಡ. ಎಸ್‌ಎಫ್‌ಒದಲ್ಲಿ ಸೆಲ್‌ಫೋನ್ ಲಾಟ್ ಅಂತ ಕಾರಲ್ಲೇ ಕಾಯೋ ಜಾಗ ಇದೆ, ನೀವು ಲಗೇಜ್ ತಗೊಂಡು ಏರ್‌ಪೋರ್ಟ್ ವೈಫೈಯಿಂದ ಮೆಸೇಜ್ ಹಾಕಿದ್ಮೇಲೆ ಅಲ್ಲಿಂದ ಹೊರಟ್ರೆ ಸಾಕು.